ಆಯಿ ಜೊತೆ ಮಲಕ್ಕಾದಲ್ಲಿ ಮೂರು ದಿನ: ನೋಡಿದವರು ನಿಮಗೇನನ್ನಿಸಿತು ಹೇಳಿ

ಅಘನಾಶಿನಿ

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಆಯಿಯನ್ನು ಕರೆದುಕೊಂಡು ಮಲೇಷ್ಯಾಕ್ಕೆ ಹೋಗಿದ್ದೆ. ಕೌಲಾಲಂಪುರದಲ್ಲಿ ಎರಡು ದಿನ, ಮಲಕ್ಕಾದಲ್ಲಿ ಮೂರು ದಿನ. ಬಂದು ತಿಂಗಳು ಕಳೆದರೂ ಮಲಕ್ಕಾ ಮನಸ್ಸಿನಿಂದ ಹೋಗಿಲ್ಲ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಪೇಟೆಗೆ ಬಂದ ಕೂಡಲೇ ಕಾಣುವುದು ಡಚ್ ಚೌಕ. ಸುತ್ತ ಎಲ್ಲ ಕಟ್ಟಡವೂ ಕೆಂಪು. ಡಚ್ಚರ ಆಡಳಿತ ಕಚೇರಿಯಾಗಿದ್ದ ಸ್ಟಾಡ್‌ಹೌಸ್, ಪಕ್ಕದಲ್ಲಿ 1753ರ ಕ್ರೈಸ್ಟ್ ಚರ್ಚ್, ಮುಂದೆ ವಿಕ್ಟೋರಿಯಾ ರಾಣಿಯ ಹೆಸರಿನ ಕಾರಂಜಿ. ಗಡಿಯಾರದ ಗೋಪುರ ಮಾತ್ರ ಒಂದು ಚೀನಿ ವ್ಯಾಪಾರಿ ಮನೆತನ ಕಟ್ಟಿಸಿದ್ದು. ಸೈಕಲ್ ರಿಕ್ಷಾಗಳಿಗೆ ಬೊಂಬೆ, ಪ್ಲಾಸ್ಟಿಕ್ ಹೂವು ಕಟ್ಟಿ ಜೋರಾಗಿ ಹಾಡು ಹಾಕಿರುತ್ತಾರೆ. ಆಯಿಗೆ ಜಾತ್ರೆಗೆ ಬಂದ ಹಾಗಾಯಿತು. ನಾನೂ ಹತ್ತಾರು ಫೋಟೋ ತೆಗೆದೆ. ಜನ ಹೆಚ್ಚಾಗಿ ಇಲ್ಲೇ ಸುತ್ತಾಡಿ, ಜೊಂಕರ್ ಬೀದಿಯಲ್ಲಿ ತಿಂದು, ಸಂಜೆ ಬಸ್ಸಿಗೆ ವಾಪಸ್ ಹೋಗುತ್ತಾರೆ. ನಾವು ಉಳಿದೆವು. ಉಳಿದದ್ದೇ ಒಳ್ಳೆಯದಾಯಿತು.

ಎರಡನೇ ದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಸೇಂಟ್ ಪಾಲ್ ಗುಡ್ಡ ಹತ್ತಿದೆವು. ಮೇಲೆ ಪೋರ್ಚುಗೀಸರು 1521ರಲ್ಲಿ ಕಟ್ಟಿದ ಇಗರ್ಜಿ ಇದೆ. ಈಗ ಮಾಡು ಇಲ್ಲ, ಬರೀ ಗೋಡೆ. ಒಳಗೆ ಸಮಾಧಿ ಕಲ್ಲುಗಳನ್ನು ಸಾಲಾಗಿ ಗೋಡೆಗೆ ಒರಗಿಸಿ ನಿಲ್ಲಿಸಿದ್ದಾರೆ. ಕೆಲವು ಆಳೆತ್ತರಕ್ಕಿಂತ ದೊಡ್ಡವು. ನಡುವೆ ತಂತಿಬಲೆ ಮುಚ್ಚಿದ ಒಂದು ಗುಂಡಿ. ಚೀನಾದ ತೀರದಲ್ಲಿ 1552ರಲ್ಲಿ ತೀರಿಕೊಂಡ ಫ್ರಾನ್ಸಿಸ್ ಕ್ಸೇವಿಯರ್ ಅವರ ದೇಹವನ್ನು ಗೋವಾಕ್ಕೆ ಸಾಗಿಸುವ ಮೊದಲು ಕೆಲವು ತಿಂಗಳು ಇಲ್ಲೇ ಇಟ್ಟಿದ್ದರಂತೆ. ಹಳೇ ಗೋವಾದಲ್ಲಿ ಅವರ ಬೆಳ್ಳಿ ಪೆಟ್ಟಿಗೆಯನ್ನು ನಾನು ಶಾಲೆಯ ಪ್ರವಾಸದಲ್ಲೇ ನೋಡಿದ್ದೆ. ಆ ಪೆಟ್ಟಿಗೆಗೆ ಮೊದಲಿನ ಗುಂಡಿ ಇಷ್ಟು ದೂರದಲ್ಲಿ ಇದೆ ಅಂತ ಗೊತ್ತೇ ಇರಲಿಲ್ಲ. ಹೊರಗೆ ಅವರ ಪ್ರತಿಮೆ ಇದೆ, ಬಲಗೈ ಇಲ್ಲ. 1952ರಲ್ಲಿ ನಿಲ್ಲಿಸಿದ ಮರುದಿನವೇ ಒಂದು ಮರ ಬಿದ್ದು ಆ ಕೈ ಮುರಿಯಿತಂತೆ. ಅವರ ದೇಹದ ಬಲಗೈಯನ್ನೂ 1614ರಲ್ಲಿ ಬೇರ್ಪಡಿಸಿ ರೋಮ್‌ಗೆ ಕಳಿಸಿದ್ದರು. ಇದನ್ನು ಕೇಳಿ ಆಯಿ ತುಂಬಾ ಹೊತ್ತು ಸುಮ್ಮನೆ ಕೂತಳು.

ಕೆಳಗೆ ಇಳಿದರೆ ಕೋಟೆಯ ಬಾಗಿಲು. ಆ ಫಾಮೋಸಾ ಎಂಬ ದೊಡ್ಡ ಕೋಟೆಯಲ್ಲಿ ಉಳಿದ ಮುಖ್ಯ ಗುರುತು ಇದೊಂದೇ ಬಾಗಿಲು. ಪೋರ್ಚುಗೀಸರು ಕಟ್ಟಿದ್ದು, ಮೇಲೆ ಡಚ್ ಕಂಪನಿಯ ಲಾಂಛನ, 1670 ಎಂಬ ಇಸವಿ. ಈ ಕೋಟೆಗೆ, ಪೋರ್ಚುಗೀಸರಿಗೆ ಮೊದಲು ಊರನ್ನು ಆಳಿದ ಸುಲ್ತಾನರ ಕಾಲದ ಮಸೀದಿ ಮತ್ತು ಗೋರಿಗಳನ್ನು ಕೆಡವಿದ ಕಲ್ಲು ಬಳಸಿದರು ಅಂತ ಓದಿದ್ದೆ. ಬಾಗಿಲ ಕೆಳಗೆ ಒಬ್ಬಾತ ಗಿಟಾರ್ ನುಡಿಸುತ್ತಿದ್ದ. ಮಕ್ಕಳು ಫಿರಂಗಿ ಹತ್ತಿ ಕೂತಿದ್ದರು. ನಾನು ಕಲ್ಲು ಮುಟ್ಟಿ ನೋಡಿದೆ. ಇದು ಯಾರ ಗೋರಿಯ ಕಲ್ಲೋ ಅನ್ನಿಸಿತು. ಆಮೇಲೆ ಫೋಟೋ ತೆಗೆಯಲು ಮನಸ್ಸು ಬರಲಿಲ್ಲ.

ಮಧ್ಯಾಹ್ನದ ಮೇಲೆ ನದಿ ದಾಟಿ ಆಚೆ ಹೋದೆವು. ಅಲ್ಲಿ ಅಕ್ಕಸಾಲಿಗರ ಬೀದಿ ಅಂತ ಇದೆ, ಮಲಯ್ ಭಾಷೆಯಲ್ಲಿ ಜಾಲಾನ್ ತುಕಾಂಗ್ ಎಮಾಸ್. ಇಲ್ಲಿ 1781ರ ವಿನಾಯಕನ ಗುಡಿ ಇದೆ. ಮಲೇಷ್ಯಾದಲ್ಲಿ ಇವತ್ತಿಗೂ ಪೂಜೆ ನಡೆಯುತ್ತಿರುವ ಹಿಂದೂ ಗುಡಿಗಳಲ್ಲಿ ಅತಿ ಹಳೆಯದು ಅನ್ನುತ್ತಾರೆ. ತಮಿಳುನಾಡಿನಂತೆ ಎತ್ತರದ ಗೋಪುರ ಇಲ್ಲ. ಅಲ್ಲಿಂದ ನಾಲ್ಕು ಹೆಜ್ಜೆಗೆ ಭಾರತದಿಂದ ಬಂದ ಮುಸ್ಲಿಂ ವ್ಯಾಪಾರಿಗಳು 1748ರಲ್ಲಿ ಕಟ್ಟಿದ ಮಸೀದಿ. ಅದರ ಮಿನಾರ್ ಚೀನಿ ಪಗೋಡಾದ ಹಾಗಿದೆ. ಇನ್ನೂ ಮುಂದೆ ಹೋದರೆ ಚೆಂಗ್ ಹೂನ್ ತೆಂಗ್ ಎಂಬ ಚೀನಿ ಗುಡಿ. ಅದರ ಮಾಡಿನ ಮೇಲೆ ಪಿಂಗಾಣಿ ಚೂರುಗಳಲ್ಲಿ ಮಾಡಿದ ಹೂವು, ಹಕ್ಕಿ. ಒಂದು ಬೀದಿ ಮುಗಿಯುವುದರೊಳಗೆ ಗಂಟೆ, ಅಜಾನ್, ಊದುಬತ್ತಿ ಎಲ್ಲಾ ಆಯಿತು.

ಗುಡಿಯಲ್ಲಿ ಒಬ್ಬ ಹಿರಿಯ ಹೆಂಗಸು ಸಿಕ್ಕರು. ಹಣೆಗೆ ವಿಭೂತಿ, ಉಟ್ಟಿದ್ದು ಮಲಯ್ ಹೆಂಗಸರ ಸರೋಂಗ್ ಮತ್ತು ಕೆಬಾಯಾ, ಲುಂಗಿ ಮತ್ತು ಉದ್ದ ರವಿಕೆಯಂಥದ್ದು. ಆಯಿ ಅವರನ್ನು ತಮಿಳರು ಅಂದುಕೊಂಡಳು. ಅವರಿಗೆ ತಮಿಳು ಬರುವುದಿಲ್ಲ. ಮನೆಮಾತು ಮಲಯ್. ಅವರು ಚಿಟ್ಟಿ ಜನ. ಸುಲ್ತಾನರ ಕಾಲದಲ್ಲಿ ಬಂದ ತಮಿಳು ವ್ಯಾಪಾರಿಗಳು ಅಲ್ಲಿಯ ಹೆಂಗಸರನ್ನು ಮದುವೆಯಾಗಿ ಅಲ್ಲೇ ನೆಲೆಸಿದರು. ಅವರ ಮಕ್ಕಳ ಮಕ್ಕಳು ಇವರು. ಮಾತು ಮರೆತುಹೋಯಿತು, ದೇವರು ಉಳಿದ. ಪೊಂಗಲ್‌ಗೆ ಎರಡು ದಿನ ಇತ್ತು. ಭೋಗಿಯ ದಿನ ತೀರಿಕೊಂಡ ಹಿರಿಯರಿಗೆ ಬಾಳೆ ಎಲೆ ಹಾಕಿ, ಅವರಿಗೆ ಇಷ್ಟವಾಗಿದ್ದ ಅಡುಗೆ ಬಡಿಸುತ್ತೇವೆ ಅಂದರು. ಎಲೆಯ ಮೇಲೆ ನಾಸಿ ಲೆಮಾಕ್ ಕೂಡ ಇರುತ್ತದಂತೆ, ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ. ನಾನು ಇಂಗ್ಲಿಷ್‌ನಿಂದ ಕನ್ನಡಕ್ಕೆ ಹೇಳುತ್ತಾ ಹೋದೆ. ಆಯಿ ನಡುವೆಯೇ ತಡೆದು, "ಮಹಾಲಯಕ್ಕೆ ನಾವು ಎಡೆ ಇಟ್ಟ ಹಾಗೇ ಅಲ್ವೇ" ಅಂದಳು. ಇಬ್ಬರೂ ಕೈ ಹಿಡಿದುಕೊಂಡು ನಿಂತುಬಿಟ್ಟರು.

ನನ್ನ ಪ್ರಶ್ನೆ ಇದು. ಪ್ರವಾಸದ ಜಾಹೀರಾತುಗಳಲ್ಲಿ ಇಂಥ ಊರಿಗೆ "ವಸಾಹತು ಕಾಲದ ಸೊಬಗು" ಅಂತ ಬರೆಯುತ್ತಾರೆ. ಆ ಮಾತು ನನಗೆ ಹಿಡಿಸಲಿಲ್ಲ. ಆದರೆ ಊರು ಚಂದ ಇರುವುದು ನಿಜ. ನೋಡಿದವರು ನಿಮಗೇನನ್ನಿಸಿತು?

ಪೆಟಾಲಿಂಗ್ ಕನ್ನಡತಿ

ಅಕ್ಕಾ, ಓದಿ ಕಣ್ಣು ತುಂಬಿ ಬಂತು. ನಾನು ಕೌಲಾಲಂಪುರದ ಹತ್ತಿರ ಹನ್ನೊಂದು ವರ್ಷದಿಂದ ಇದ್ದೇನೆ. ಊರಿಂದ ಯಾರೇ ಬಂದರೂ ಮಲಕ್ಕಾಕ್ಕೆ ಕರೆದುಕೊಂಡು ಹೋಗುತ್ತೇನೆ. ಬಸ್ಸಿಗೆ ಎರಡು ಗಂಟೆ ದಾರಿ ಅಷ್ಟೇ.

ನೀವು ಹೇಳದೇ ಬಿಟ್ಟ ಒಂದು ವಿಷಯ ಹೇಳುತ್ತೇನೆ. ಊರಿಗೆ ಮಲಕ್ಕಾ ಅಂತ ಹೆಸರು ಬಂದದ್ದು ಒಂದು ಮರದಿಂದ ಅನ್ನುತ್ತಾರೆ. ಸುಮಾರು 1400ರಲ್ಲಿ ಪರಮೇಶ್ವರ ಎಂಬ ರಾಜ ಒಂದು ಮರದ ಕೆಳಗೆ ಕೂತಿದ್ದನಂತೆ. ಅವನ ಬೇಟೆನಾಯಿಯನ್ನು ಒಂದು ಪುಟ್ಟ ಬರ್ಕ (ಮೊಲದಷ್ಟೇ ಇರುವ ಜಿಂಕೆಯಂಥ ಪ್ರಾಣಿ) ಒದ್ದು ನೀರಿಗೆ ಬೀಳಿಸಿತಂತೆ. ಇಷ್ಟು ಸಣ್ಣ ಪ್ರಾಣಿಗೆ ಇಷ್ಟು ಧೈರ್ಯ ಕೊಡುವ ಜಾಗ ಒಳ್ಳೆಯದು ಅಂತ ಅಲ್ಲೇ ಊರು ಕಟ್ಟಿದ. ಇದು ಯಾವ ಮರ ಅಂತ ಕೇಳಿದಾಗ ಅವನ ಜನ ಹೇಳಿದ ಹೆಸರು ಮೆಲಾಕಾ. ಆ ಮರ ಬೇರೆ ಯಾವುದೂ ಅಲ್ಲ, ನಮ್ಮ ಬೆಟ್ಟದ ನೆಲ್ಲಿ! ಸಂಸ್ಕೃತದ ಆಮಲಕ ನೆನಪಿಸಿಕೊಳ್ಳಿ.

ಕಲ್ಲಿನ ಬಗ್ಗೆ ಹೇಳಿದಿರಿ. ಸಮುದ್ರದ ಬಗ್ಗೆಯೂ ಹೇಳಬೇಕು. ಹಿಂದೆ ಆ ಕೋಟೆಯ ಬಾಗಿಲ ಹತ್ತಿರವೇ ಅಲೆ ಬಡಿಯುತ್ತಿತ್ತು. ಮಣ್ಣು ತುಂಬಿ ತುಂಬಿ ಕಡಲನ್ನು ದೂರ ತಳ್ಳಿದ್ದಾರೆ. ಅಲ್ಲೀಗ ಮಾಲ್, ಹೋಟೆಲ್. ಹೊಸಬರಿಗೆ ಇದು ಬಂದರಿನ ಊರು ಅಂತ ಗೊತ್ತೇ ಆಗುವುದಿಲ್ಲ.

ಬಸರೂರು ಮೇಷ್ಟ್ರು

ತಂಗೀ, ಚೆನ್ನಾಗಿ ಬರೆದಿದ್ದೀ. ನಾನು ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಮಲಕ್ಕಾಕ್ಕೆ 2016ರಲ್ಲಿ ಮಗನ ಜೊತೆ ಹೋಗಿದ್ದೆ. ಕುಮಟಾದವಳಾದ ನಿನಗೆ ಈ ಕಥೆ ಗೊತ್ತಿರಬೇಕು.

ಮಲಕ್ಕಾ ಗೆದ್ದ ಅಫೊನ್ಸೊ ಡಿ ಆಲ್ಬುಕರ್ಕ್ ಅದಕ್ಕೆ ಮುಂಚಿನ ವರ್ಷ ಗೋವಾ ಗೆದ್ದವನು. 1510ರಲ್ಲಿ ಗೋವಾ ಬಿಜಾಪುರದ ಆದಿಲಶಾಹಿ ಕೈಯಲ್ಲಿತ್ತು. ಅಲ್ಲಿಗೆ ನುಗ್ಗಲು ಇದು ಸರಿಯಾದ ಸಮಯ ಅಂತ ಅವನಿಗೆ ಹೇಳಿದ್ದು ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸರು ಅವನನ್ನು ತಿಮೋಜ ಅಂತ ಬರೆದಿದ್ದಾರೆ. ನಿಮ್ಮ ಶರಾವತಿಯ ಅಳಿವೆಯಲ್ಲಿ ಹಡಗು ಇಟ್ಟುಕೊಂಡಿದ್ದವನು. ಗೆದ್ದ ಗೋವಾ ಕೆಲವೇ ತಿಂಗಳಲ್ಲಿ ಕೈತಪ್ಪಿತು. ನವೆಂಬರ್ 25ರಂದು ಮತ್ತೆ ಗೆದ್ದರು. ಮರುವರ್ಷ ಆಲ್ಬುಕರ್ಕ್ ಕೊಚ್ಚಿಯಿಂದ ಹೊರಟು ಆಗಸ್ಟ್‌ನಲ್ಲಿ ಮಲಕ್ಕಾ ಹಿಡಿದ.

ಅಲ್ಲಿಯೂ ತಿಮ್ಮಯ್ಯನಂಥ ಒಬ್ಬನಿದ್ದ. ನೀನಾ ಚಾಟು ಎಂಬ ಶ್ರೀಮಂತ ಹಿಂದೂ ವ್ಯಾಪಾರಿ. ಸುಲ್ತಾನನ ಸೆರೆಯಲ್ಲಿದ್ದ ಪೋರ್ಚುಗೀಸರಿಗೆ ನೆರವಾಗಿದ್ದ. ಗೆದ್ದ ಮೇಲೆ ಅವನಿಗೆ ದೊಡ್ಡ ಹುದ್ದೆ ಕೊಟ್ಟರು. 1514ರಲ್ಲಿ ಅದನ್ನು ಕಿತ್ತುಕೊಂಡರು. ಮಾನ ಹೋಯಿತೆಂದು ಅವನು ಬೆಂಕಿಗೆ ಬಿದ್ದು ಪ್ರಾಣ ಬಿಟ್ಟ. ಮಲಕ್ಕಾದ ವಿನಾಯಕನ ಗುಡಿಯ ಮುಂದೆ ನಿಂತಾಗ ನನಗೆ ಅವನೇ ನೆನಪಾದ. ಹೊರಗಿನವರನ್ನು ಕರೆದವರನ್ನೂ ಕರೆಯದವರನ್ನೂ ಆ ಕೋಟೆ ಒಂದೇ ರೀತಿ ನುಂಗಿತು.

ಲೂಟಿಯ ಮಾಲು ಹೊತ್ತ ಫ್ಲೋರ್ ಡೆ ಲಾ ಮಾರ್ ಹಡಗು ಸುಮಾತ್ರಾದ ಹತ್ತಿರ ಮುಳುಗಿತು. ಅದೇ ಹಡಗಿನ ಮಾದರಿಯಲ್ಲಿ ಈಗ ಮಲಕ್ಕಾದ ನದಿ ದಡದಲ್ಲಿ ಕಡಲ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಆ ಮಾದರಿಯ ಒಳಗೆ ನಡೆಯುವಾಗ ಮಗನಿಗೆ ಇದನ್ನೆಲ್ಲ ಹೇಳಿದೆ. ನಮ್ಮ ಬಸರೂರಿನ ಜನಕ್ಕೆ ಇದು ದೂರದ ಕಥೆ ಅಲ್ಲ. ಮಲಕ್ಕಾ ಪೋರ್ಚುಗೀಸರ ಕೈಗೆ ಹೋಗಿ ಅರವತ್ತು ವರ್ಷ ಆಗುವ ಮೊದಲೇ ಹೊನ್ನಾವರ, ಬಸರೂರು, ಮಂಗಳೂರಿನಲ್ಲೂ ಅವರ ಕೋಟೆ ಎದ್ದಿತು.

ಹುಬ್ಬಳ್ಳಿ ಗಾಳಿ

ನನ್ನ ಮಾತು ಕೆಲವರಿಗೆ ಬೇಸರ ತರಬಹುದು. ಆದರೂ ಹೇಳುತ್ತೇನೆ. ಜನರನ್ನು ಕೊಂದು, ಗೋರಿ ಕೆಡವಿ ಕಟ್ಟಿದ ಕೋಟೆ ನೋಡಲು ಟಿಕೆಟ್ ತಗೊಂಡು ಹೋಗುವುದು ಯಾಕೆ? ಡಚ್ಚರ ಕಾಲದಲ್ಲಿ ಅದೇ ಊರಿನಲ್ಲಿ ಗುಲಾಮರು ಇದ್ದರು. ಆ ಕೆಂಪು ಗೋಡೆಯ ಮೇಲೆ ಅವರ ಹೆಸರು ಎಲ್ಲಾದರೂ ಇದೆಯಾ? ಯುನೆಸ್ಕೋ 2008ರಲ್ಲಿ ಪಟ್ಟಿಗೆ ಸೇರಿಸಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನನಗಂತೂ ಇಂಥ ಕಡೆ ಖುಷಿಯಿಂದ ತಿರುಗಾಡಲು ಆಗುವುದಿಲ್ಲ.

ಪೆಟಾಲಿಂಗ್ ಕನ್ನಡತಿ

ಅಣ್ಣಾ, ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ಆದರೆ ಆ ಬಾಗಿಲ ಎದುರಿನ ಮೈದಾನದಲ್ಲೇ 1956ರ ಫೆಬ್ರವರಿ 20ರಂದು ಮುಂದೆ ದೇಶದ ಮೊದಲ ಪ್ರಧಾನಿಯಾದ ತುಂಕು ಅಬ್ದುಲ್ ರಹಮಾನ್ ನಿಂತು, ಮರುವರ್ಷ ಸ್ವಾತಂತ್ರ್ಯ ಬರುತ್ತದೆ ಅಂತ ಜನರಿಗೆ ತಿಳಿಸಿದರು. ಲಂಡನ್‌ನಲ್ಲಿ ಮಾತುಕತೆ ಮುಗಿಸಿ ಬಂದಿದ್ದರು. ಬೇರೆ ಊರು ಬಿಟ್ಟು ಮಲಕ್ಕಾವನ್ನೇ ಆರಿಸಿಕೊಂಡರು. ಹತ್ತಿರದಲ್ಲಿ ಬ್ರಿಟಿಷರ ಕ್ಲಬ್ ಆಗಿದ್ದ ಕಟ್ಟಡ ಇದೆ. ಅದೀಗ ಸ್ವಾತಂತ್ರ್ಯದ ಸ್ಮಾರಕ. ಇಲ್ಲಿಯ ಶಾಲೆ ಮಕ್ಕಳು ಆ ಕೋಟೆಗೆ ಬರುವುದು 1957ರ ಪಾಠ ಓದಲು. ಈ ಊರಿನವರು ಆ ಕಲ್ಲನ್ನು ವಾಪಸ್ ತಗೊಂಡಿದ್ದಾರೆ ಅಂತ ನನಗನ್ನಿಸುತ್ತದೆ.

ಬಿಜೈ ಬಾಯ್

ಓ ಅಕ್ಕಾ, ನೀವು ಪೋರ್ಚುಗೀಸ್ ಕೇರಿಗೆ ಹೋಗಲೇ ಇಲ್ವಾ ಮಾರಾಯ್ರೆ? ಊರಿಂದ ಮೂರು ಕಿಲೋಮೀಟರ್ ಆಚೆ, ಉಜೊಂಗ್ ಪಾಸಿರ್‌ನಲ್ಲಿ. ಅದನ್ನು ನೋಡದಿದ್ದರೆ ಮಲಕ್ಕಾ ಅರ್ಧ ನೋಡಿದ ಹಾಗೆ.

ನಾನು ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್. ಅಲ್ಲಿ ಕ್ರಿಸ್ತಾಂಗ್ ಜನ ಇದ್ದಾರೆ. ಪೋರ್ಚುಗೀಸರು ಮತ್ತು ಅಲ್ಲಿಯವರು ಬೆರೆತು ಹುಟ್ಟಿದ ಸಮುದಾಯ. ಡಚ್ಚರು 1641ರಲ್ಲಿ ಗೆದ್ದ ಮೇಲೆ ಕ್ಯಾಥೊಲಿಕರಿಗೆ ತುಂಬಾ ಕಷ್ಟ ಕೊಟ್ಟರು. ಆದರೂ ಮಾತು ಬಿಡಲಿಲ್ಲ, ಪ್ರಾರ್ಥನೆ ಬಿಡಲಿಲ್ಲ. ಚದುರಿಹೋಗಿದ್ದವರಿಗೆ ಒಂದು ಜಾಗ ಇರಲಿ ಅಂತ 1930ರ ದಶಕದಲ್ಲಿ ಇಬ್ಬರು ಪಾದ್ರಿಗಳು ಮುಂದೆ ನಿಂತು ಈ ಕೇರಿ ಮಾಡಿಸಿದರು. ಹೆಚ್ಚಿನವರು ಮೀನುಗಾರರು. ಜೂನ್ ಕೊನೆಗೆ ಸಾನ್ ಪೆದ್ರೊ ಹಬ್ಬ, ದೋಣಿಗಳನ್ನು ಸಿಂಗರಿಸಿ ಪಾದ್ರಿ ಹತ್ತಿರ ಆಶೀರ್ವಾದ ಮಾಡಿಸುತ್ತಾರೆ.

ನನಗೆ ರೋಮಾಂಚನ ಆದದ್ದು ಮಾತಿನಲ್ಲಿ. ನಾವು ಇಗರ್ಜಿ ಅನ್ನುತ್ತೇವೆ, ಮಲಯ್‌ನಲ್ಲಿ ಗೆರೆಜಾ. ನಾವು ಅಲಮಾರು, ಅವರು ಅಲ್ಮಾರಿ. ನಾವು ತುವಾಲು, ಅವರು ತುವಾಲಾ. ಎಲ್ಲಾ ಒಂದೇ ಹಡಗಿನಿಂದ ಇಳಿದ ಪದಗಳು. ಒಂದು ಮನೆಯಲ್ಲಿ ಅಜ್ಜಿ ಕಾಫಿ ಜೊತೆ ಸೂಜಿ ಕೇಕ್ ಕೊಟ್ಟರು. ಸೂಜಿ ಅಂದರೆ ನಮ್ಮ ರವೆ. ಕ್ರಿಸ್ಮಸ್‌ಗೆ ದೇಬಲ್ ಕರಿ ಮಾಡುತ್ತಾರಂತೆ, ಸಾಸಿವೆ ಮತ್ತು ವಿನೆಗರ್ ಹಾಕಿದ ಖಾರದ ಪದಾರ್ಥ. ನನ್ನ ಮಮ್ಮಿ ಮಾಡುವ ಇಂದಾದ್, ನಮ್ಮ ಹಂದಿ ಮಾಂಸದ ಪದಾರ್ಥ, ನೆನಪಾಯಿತು.

ಅಜ್ಜಿಯ ಬೇಸರ ಒಂದೇ. ಮೊಮ್ಮಕ್ಕಳು ಕ್ರಿಸ್ತಾಂಗ್ ಮಾತಾಡುವುದಿಲ್ಲ, ಬರೀ ಇಂಗ್ಲಿಷ್. ಇನ್ನೊಂದು ಕಡಲು. ಮೇಲೆ ಹೇಳಿದ ಹಾಗೆ ಮಣ್ಣು ತುಂಬುವ ಕೆಲಸದಿಂದ ಬಲೆಗೆ ಬೀಳುವುದೇ ಕಡಿಮೆಯಾಗಿದೆ ಅಂದರು. ನಮ್ಮ ಉಳ್ಳಾಲ, ತಣ್ಣೀರುಬಾವಿ ಕಡೆಯ ಮೀನುಗಾರರು ಹೇಳುವ ಮಾತೇ ಕೇಳಿದ ಹಾಗಾಯಿತು.

ತೊಟ್ಟಿಮನೆ

ಮನೆಗಳ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಹಳೇ ಕಟ್ಟಡ ರಿಪೇರಿ ನನ್ನ ಕೆಲಸ.

ಹೀರೆನ್ ಬೀದಿಯ ಮನೆಗಳು ಮುಂದಿನಿಂದ ನೋಡಿದರೆ ಬಹಳ ಕಿರಿದು. ಒಳಗೆ ಹೋದರೆ ಮುಗಿಯುವುದೇ ಇಲ್ಲ, ರೈಲಿನ ಬೋಗಿಯ ಹಾಗೆ ಉದ್ದ. ನಡುವೆ ಆಕಾಶಕ್ಕೆ ತೆರೆದ ಅಂಗಳ. ಮಳೆ ನೇರ ಒಳಗೆ ಬೀಳುತ್ತದೆ, ಬಿಸಿಗಾಳಿ ಮೇಲೆ ಹೋಗುತ್ತದೆ. ನಮ್ಮ ಮಲೆನಾಡಿನ ತೊಟ್ಟಿ ಮನೆಯಲ್ಲಿ ಬೆಳೆದವರಿಗೆ ಅಲ್ಲಿ ಕೂತರೆ ಎದ್ದು ಬರಲು ಮನಸ್ಸಾಗದು. ಬಾಬಾ-ನ್ಯೋನ್ಯಾ ಅನ್ನುವ ಚೀನಿ-ಮಲಯ್ ಬೆರೆತ ಮನೆತನಗಳು ಇಲ್ಲಿ ಇದ್ದವು. ಒಂದು ಮನೆಯನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಮಹಡಿಯ ನೆಲದಲ್ಲಿ ಸಣ್ಣ ಕಿಂಡಿ ಇದೆ. ಕೆಳಗೆ ಬಾಗಿಲಿಗೆ ಯಾರು ಬಂದರು ಅಂತ ಮೇಲಿನಿಂದಲೇ ನೋಡಬಹುದು. ಎಂಟನೇ ನಂಬರಿನ ಮನೆ ತಪ್ಪಿಸಬೇಡಿ. ಅದನ್ನು ಹೊಸದರ ಹಾಗೆ ಮಾಡದೆ, ಗಾರೆಯ ಪದರ ಪದರ ಕಾಣುವಂತೆ ಉಳಿಸಿದ್ದಾರೆ. ಸುಣ್ಣದ ಕೆಲಸ ಬಲ್ಲವರ ಕೈ ಎದ್ದು ಕಾಣುತ್ತದೆ.

ಆದರೆ ಬೀದಿಯಲ್ಲಿ ಸಂಜೆ ದೀಪ ಹಚ್ಚುವ ಮನೆಗಳು ಕಡಿಮೆ. ಕೆಫೆ, ಹೋಟೆಲ್ ಜಾಸ್ತಿ. ಮಲೇಷ್ಯಾದಲ್ಲಿ ಹಳೇ ಕಟ್ಟಡಗಳಿಗೆ ಬಾಡಿಗೆ ಏರಿಸದಂತೆ ಒಂದು ಕಾನೂನು ಇತ್ತು. 2000ದ ಆರಂಭದಿಂದ ಅದು ಇಲ್ಲ. ತಲೆಮಾರಿನಿಂದ ಇದ್ದ ಬಡಗಿ, ಕಮ್ಮಾರ, ಚಪ್ಪಲಿ ಹೊಲಿಯುವವರಿಗೆ ಹೊಸ ಬಾಡಿಗೆ ಕೊಡಲು ಆಗಲಿಲ್ಲ, ಬಿಟ್ಟು ಹೋದರು. ಗೋಡೆ ಉಳಿಸಿಕೊಂಡು ಜನರನ್ನು ಕಳೆದುಕೊಳ್ಳುವುದು ನನಗೆ ಎಲ್ಲಕ್ಕಿಂತ ಹೆಚ್ಚು ನೋವಿನ ವಿಷಯ.

ಅಘನಾಶಿನಿ

ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ತಿಮ್ಮಯ್ಯನ ಹೆಸರು ಗೊತ್ತಿತ್ತು, ಆದರೆ ಅವನಿಂದ ಮಲಕ್ಕಾದವರೆಗೆ ದಾರಿ ಇದೆ ಅಂತ ಯೋಚಿಸಿರಲಿಲ್ಲ. ಬಿಜೈಯವರೇ, ಪೋರ್ಚುಗೀಸ್ ಕೇರಿಗೆ ಹೋಗಲು ಆಗಲಿಲ್ಲ. ಆಯಿಗೆ ಕಾಲು ನೋವು ಇತ್ತು.

ಹುಬ್ಬಳ್ಳಿಯವರ ಮಾತು ಎರಡು ದಿನ ಕಾಡಿತು. ಅವರು ಕೇಳಿದ್ದು ಸರಿ. ಗುಲಾಮರ ಹೆಸರು ನನಗೆ ಎಲ್ಲೂ ಕಾಣಲಿಲ್ಲ. ಗುಡ್ಡದ ಮೇಲೆ ದೊಡ್ಡವರ ಸಮಾಧಿ ಕಲ್ಲು ಮಾತ್ರ. ಆದರೆ ಕೋಟೆಯನ್ನೇ ನೋಡಬಾರದು ಅಂದರೆ ನಾನು ಒಪ್ಪುವುದಿಲ್ಲ. ಯಾಕೆ ಅಂದರೆ ಆ ಕೋಟೆ ಹೋದ ಕಥೆಯೂ ಇದೆ. ಯುರೋಪಿನ ಯುದ್ಧದ ಕಾಲದಲ್ಲಿ ಮಲಕ್ಕಾ ಬ್ರಿಟಿಷರ ಕೈಗೆ ಬಂತು. ಮುಂದೆ ಡಚ್ಚರಿಗೆ ವಾಪಸ್ ಕೊಡಬೇಕಾದರೆ ಕೋಟೆ ಅವರ ಉಪಯೋಗಕ್ಕೆ ಬರಬಾರದು ಅಂತ 1807ರ ಸುಮಾರಿಗೆ ಫರ್ಕುಹರ್ ಎಂಬ ಅಧಿಕಾರಿ ಮದ್ದು ಇಟ್ಟು ಉಡಾಯಿಸಿದ. ಮಲಕ್ಕಾದಲ್ಲೇ ಹುಟ್ಟಿದ ಮುನ್ಷಿ ಅಬ್ದುಲ್ಲಾ ಆಗ ಮಗು. ಆನೆಯಷ್ಟು, ಮನೆಯಷ್ಟು ದೊಡ್ಡ ಕಲ್ಲುಗಳು ಹಾರಿ ಸಮುದ್ರಕ್ಕೆ ಬಿದ್ದವು ಅಂತ ಮುಂದೆ ಆತ ತನ್ನ ಜೀವನದ ಕಥೆಯಲ್ಲಿ ಬರೆದ. ಕೋಟೆ ಹೋದದ್ದಕ್ಕೆ ಅವನಿಗೆ ದುಃಖವಾಗಿತ್ತು. ಅವನ ಪೂರ್ವಿಕರಲ್ಲಿ ಅರಬರೂ ತಮಿಳರೂ ಇದ್ದರು. ಕಟ್ಟಿದವರು ಯಾರೇ ಇರಲಿ, ಮುನ್ನೂರು ವರ್ಷ ಅದರ ನೆರಳಲ್ಲಿ ಬದುಕಿದವರಿಗೆ ಅದು ತಮ್ಮ ಊರಿನ ಗುರುತಾಗಿತ್ತು.

ಇನ್ನೊಂದು ನೆನಪಾಯಿತು. ಬುಕಿತ್ ಚೀನಾ ಅಂತ ಒಂದು ಗುಡ್ಡ ಇದೆ. ಹನ್ನೆರಡು ಸಾವಿರಕ್ಕೂ ಹೆಚ್ಚು ಚೀನಿ ಗೋರಿಗಳು. ಅದನ್ನು ತೆಗೆದು ಕಟ್ಟಡ ಕಟ್ಟುವ ಯೋಜನೆ 1984ರಲ್ಲಿ ಬಂದಾಗ ಜನ ಎದ್ದು ನಿಂತು ಉಳಿಸಿಕೊಂಡರು. ಇವತ್ತು ಬೆಳಿಗ್ಗೆ ಅಲ್ಲಿ ಜನ ವಾಕಿಂಗ್ ಮಾಡುತ್ತಾರೆ. 1511ರಲ್ಲಿ ಗೋರಿ ಕೆಡವಿದಾಗ ತಡೆಯಲು ಆಗಲಿಲ್ಲ. ಈ ಸಲ ಆಯಿತು. ನನಗೆ ಆ ಊರಿನ ಮೇಲೆ ಪ್ರೀತಿ ಹುಟ್ಟಿದ್ದು ಇಂಥದ್ದಕ್ಕೆ. ಸೊಬಗು ಅನ್ನುವುದಾದರೆ ಅದು ಚಿಟ್ಟಿ, ಕ್ರಿಸ್ತಾಂಗ್, ಬಾಬಾ ಜನರದು. ಗವರ್ನರ್‌ಗಳದ್ದಲ್ಲ.

ಸೊಪ್ಪುಸಾರು

ಮೇಡಂ, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಪಕ್ಕಾ ಸಸ್ಯಾಹಾರಿಗಳು. ಊಟಕ್ಕೆ ಕಷ್ಟ ಆಗುತ್ತಾ?

ಪೆಟಾಲಿಂಗ್ ಕನ್ನಡತಿ

ಕಷ್ಟ ಇಲ್ಲ, ಆದರೆ ಕೇಳಿ ತಿನ್ನಬೇಕು. ಬೆಲಚಾನ್ ಅಂತ ಸಿಗಡಿಯ ಹುದುಗಿಸಿದ ಮುದ್ದೆ ಇದೆ, ಬರೀ ಸೊಪ್ಪಿನ ಪಲ್ಯಕ್ಕೂ ಹಾಕಿರುತ್ತಾರೆ. "ಸಾಯಾ ತಾ ಮಾಕನ್ ದಾಗಿಂಗ್, ಇಕಾನ್, ಉದಾಂಗ್" ಅನ್ನಿ. ಮಾಂಸ, ಮೀನು, ಸಿಗಡಿ ತಿನ್ನುವುದಿಲ್ಲ ಅಂತ ಅರ್ಥ. ಬಾಳೆ ಎಲೆ ಊಟದ ಭಾರತೀಯ ಹೋಟೆಲ್‌ಗಳಿವೆ, ಬೌದ್ಧರ ಸಸ್ಯಾಹಾರಿ ಹೋಟೆಲ್‌ಗಳೂ ಸಿಗುತ್ತವೆ. ಚೆಂಡೋಲ್ ಮಾತ್ರ ತಪ್ಪಿಸಬೇಡಿ. ಹಸಿರು ಶ್ಯಾವಿಗೆಯಂಥದ್ದು, ತೆಂಗಿನ ಹಾಲು, ಮೇಲೆ ಗುಲಾ ಮಲಾಕಾ ಬೆಲ್ಲದ ಪಾಕ, ಐಸು. ನಮ್ಮ ಶ್ಯಾವಿಗೆ ಕಾಯಿಹಾಲು ತಣ್ಣಗೆ ತಿಂದ ಹಾಗೆ. ಓಂದೆ-ಓಂದೆ ಅಂತ ಉಂಡೆಯೂ ಇದೆ. ಒಳಗೆ ಬೆಲ್ಲ, ಹೊರಗೆ ಕಾಯಿತುರಿ. ಅದಕ್ಕೆ ಇಲ್ಲಿ ಇನ್ನೊಂದು ಹೆಸರು ಬುವಾ ಮೆಲಾಕಾ, ನೆಲ್ಲಿಕಾಯಿ!

ಅಘನಾಶಿನಿ

ಅಯ್ಯೋ, ಆ ಉಂಡೆ ತಿಂದೆವು, ಹೆಸರು ಗೊತ್ತಿರಲಿಲ್ಲ. ಆಯಿಗೆ ಈಗಷ್ಟೇ ಹೇಳಿದೆ. ಗುಡ್ಡದ ಬುಡದಲ್ಲಿ ಒಂದು ಮರ ನೋಡಿ ಅವಳು "ನೆಲ್ಲಿ ಎಲೆ ಇದ್ದ ಹಾಗಿದೆ ಇದು" ಅಂದಿದ್ದಳು. ನಾನು ಬಿಸಿಲಿಗೆ ಬೇಸತ್ತು, ಇರಲಿ ನಡಿ ಅಂದಿದ್ದೆ. ಈಗ "ನೋಡು, ಅವತ್ತೇ ಹೇಳಿದ್ದೆ" ಅನ್ನುತ್ತಿದ್ದಾಳೆ.

ಹುಬ್ಬಳ್ಳಿ ಗಾಳಿ

ಅಕ್ಕಾ, ನಿಮ್ಮ ಉತ್ತರ ಎರಡು ಸಲ ಓದಿದೆ. ಗುಲಾಮರ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಆದರೆ ಆಫೀಸಿನ ಕೆಲಸಕ್ಕೆ ಸಿಂಗಪುರಕ್ಕೆ ಹೋಗುವುದಿದೆ, ಅಲ್ಲಿಂದ ಮಲಕ್ಕಾಕ್ಕೆ ಬಸ್ ಇದೆಯಂತೆ. ಒಂದೇ ದಿನ ಸಿಗುತ್ತದೆ. ಚಿಟ್ಟಿ ಜನರ ಕೇರಿ ಎಲ್ಲಿ ಬರುತ್ತದೆ?

ಅಘನಾಶಿನಿ

ಗಾಜಾ ಬೆರಾಂಗ್ ರಸ್ತೆಯ ಕಡೆ, ಕಂಪುಂಗ್ ಚೆಟ್ಟಿ ಅಂತ ಕೇಳಿ. ಸಣ್ಣ ವಸ್ತುಸಂಗ್ರಹಾಲಯವೂ ಇದೆ. ಅಕ್ಕಸಾಲಿಗರ ಬೀದಿಯ ಗುಡಿಗೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಆ ಅಮ್ಮ ಸಿಕ್ಕರೆ ಕುಮಟಾದವರು ಕೇಳಿದರು ಅಂತ ಹೇಳಿ.